ಇಂಟರ್‌ವ್ಯೂನಲ್ಲಿ 'ಮದುವೆ ಯಾವಾಗ?' ಎಂದು ಕೇಳಿದರೆ ಉತ್ತರಿಸಲೇಬೇಕೇ?

ಪೀಣ್ಯದ ಗಾರ್ಮೆಂಟ್ಸ್ ಇರಲಿ, ವೈಟ್‌ಫೀಲ್ಡ್‌ನ ಐಟಿ ಕಂಪನಿ ಇರಲಿ, ಕೆಲಸ ಕೇಳಿ ಹೋದ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಎದುರಾಗುವುದುಂಟು. ಉತ್ತರ ಕೊಡುವುದು ಕಡ್ಡಾಯ ಎಂದು ಹಲವರು ನಂಬಿದ್ದಾರೆ.

ನಿಜವೇನು?
ಹಾಗೆಂದು ಯಾವ ಕಾನೂನೂ ಹೇಳುವುದಿಲ್ಲ. ನೇಮಕದಲ್ಲಿ ಹೆಣ್ಣು-ಗಂಡೆಂಬ ತಾರತಮ್ಯ ಸಲ್ಲದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ಇದೆ.

ಮತ್ತೇಕೆ ಕೇಳುತ್ತಾರೆ?
2017ರಿಂದ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಇಎಸ್‌ಐ ಇದ್ದವರಿಗೆ ಆ ಹಣವನ್ನು ಇಎಸ್‌ಐ ನಿಗಮ ಕೊಡುತ್ತದೆ. ಉಳಿದವರಿಗೆ ಕಂಪನಿಯೇ ಕೊಡಬೇಕು. ಹಲವು ಕಡೆ ಈ ಖರ್ಚಿನ ಲೆಕ್ಕವೇ ಪ್ರಶ್ನೆಯ ಹಿಂದಿರುತ್ತದೆ.

ಏನು ಹೇಳಬಹುದು?
ಸುಳ್ಳು ಬೇಡ, ಜಗಳವೂ ಬೇಡ. "ಶಿಫ್ಟ್ ಬಗ್ಗೆ ಕೇಳ್ತಿದ್ದೀರಾ ಸರ್? ಅದಕ್ಕೆ ತೊಂದರೆ ಇಲ್ಲ" ಎಂದು ಮಾತನ್ನು ಕೆಲಸದತ್ತ ತಿರುಗಿಸಿ ಎನ್ನುವುದು ನಮ್ಮ ಸಲಹೆ.