ಕಾರಿನ ಮೇಲ್ಕಟ್ಟು

ಮದುವೆ ಚಪ್ಪರಕ್ಕೆ ಮೇಲ್ಕಟ್ಟು ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಮಡಲಿನ ಅಡಿಗೆ ಬಿಳಿ ಬಟ್ಟೆ ಎಳೆದು ಕಟ್ಟಿದರೆ ಅಡ್ಡ, ಹಗ್ಗ ಒಂದೂ ಕಾಣುವುದಿಲ್ಲ. ತಲೆಗೆ ಕಸವೂ ಉದುರುವುದಿಲ್ಲ. ಕಾರಿನ ಒಳಗೂ ಅಂಥದ್ದೇ ಒಂದು ಮೇಲ್ಕಟ್ಟು ಇದೆ. ಗ್ಯಾರೇಜಿನವರು ರೂಫ್ ಲೈನಿಂಗ್ ಅನ್ನುತ್ತಾರೆ. ಹರಿದು ತಲೆ ಮೇಲೆ ಬೀಳುವವರೆಗೆ ಅದರ ಕಡೆ ಯಾರೂ ಕಣ್ಣೆತ್ತುವುದಿಲ್ಲ. ನಾನೂ ಎತ್ತಿದವನಲ್ಲ.

1886ರ ಕಾರ್ಲ್ ಬೆಂಜ್‌ನ ಬಂಡಿಗೆ ಮಾಡೇ ಇರಲಿಲ್ಲ. ಆಮೇಲೆ ಬಂದದ್ದು ಕೊಡೆಯ ಹಾಗೆ ಮಡಚುವ ಬಟ್ಟೆಯ ಮಾಡು. ಅಮೆರಿಕದಲ್ಲಿ 1919ರಲ್ಲಿ ಕೂಡ ಹತ್ತು ಕಾರಿಗೆ ಒಂದಕ್ಕೆ ಮಾತ್ರ ಪೂರ್ತಿ ಮುಚ್ಚಿದ ಮೈ ಇತ್ತು. ಅದು ಹಣವಂತರ ಪಾಲು. 1922ರಲ್ಲಿ ಹಡ್ಸನ್ ಕಂಪನಿ ಎಸೆಕ್ಸ್ ಎಂಬ ಮುಚ್ಚಿದ ಕಾರನ್ನು ಅಗ್ಗದಲ್ಲಿ ತಂದಿತು. 1927ರ ಹೊತ್ತಿಗೆ ನೂರಕ್ಕೆ 85 ಕಾರುಗಳು ಮುಚ್ಚಿದವೇ. ಆದರೂ ಅವುಗಳ ಮಾಡು ಪೂರ್ತಿ ತಗಡಲ್ಲ. ಅಷ್ಟು ಅಗಲದ ತಗಡನ್ನು ಒಂದೇ ತುಂಡಾಗಿ ಒತ್ತಿ ತೆಗೆಯುವುದು ಆಗ ಕಷ್ಟ. ಹಾಗಾಗಿ ಮರದ ಚೌಕಟ್ಟು ಮಾಡಿ, ನಡುವಿಗೆ ನೀರು ಇಳಿಯದ ಬಟ್ಟೆ ಹೊದಿಸುತ್ತಿದ್ದರು. ಒಳಗಡೆಯಿಂದ ಆ ಮರ ಕಾಣದಂತೆ ಉಣ್ಣೆಯ ಬಟ್ಟೆಯನ್ನು ಸಣ್ಣ ಮೊಳೆ ಹೊಡೆದು ಕೂರಿಸುವುದು ಕುದುರೆ ಸಾರೋಟು ಮಾಡುತ್ತಿದ್ದವರ ಕೈಯ ಕಸುಬು.

1935ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಇಡೀ ಮಾಡನ್ನು ಒಂದೇ ಉಕ್ಕಿನ ತಗಡಿನಲ್ಲಿ ಮಾಡಿತು. ಶೀಟಿನ ಮಾಡಿನಡಿ ಮಳೆಗಾಲ ಕಳೆದ ನಮಗೆ ಅದರ ಕಥೆ ಹೇಳಬೇಕಾಗಿಲ್ಲ. ಓಡುವಾಗ ತಮಟೆಯ ಸದ್ದು, ಬಿಸಿಲಿಗೆ ಬಾಣಲೆಯ ಕಾವು, ಚಳಿ ಬೆಳಗ್ಗೆ ಒಳಮೈ ಬೆವರಿ ಹನಿ. ಬರೀ ಚಂದಕ್ಕೆ ಅಂತ ಇದ್ದ ಬಟ್ಟೆಗೆ ಆಗ ನಿಜವಾದ ಕೆಲಸ ಸಿಕ್ಕಿತು. ಮೊಳೆ ಹೊಡೆಯಲು ಮರವಿಲ್ಲದ ಮೇಲೆ ಕಂಬಿಗಳೇ ಗತಿ. ಬಟ್ಟೆಯ ಹಿಂಬದಿಗೆ ಅಡ್ಡಡ್ಡ ನಾಳ ಹೊಲಿದು, ಪಂಚೆಯ ನೆರಿಗೆಯಲ್ಲಿ ಕೋಲು ತೂರಿಸಿದ ಹಾಗೆ, ಬಾಗಿದ ಕಂಬಿ ತೂರಿಸಿ, ಅದರ ಎರಡು ತುದಿಯನ್ನು ಮಾಡಿನ ಅಂಚಿನ ತೂತಿಗೆ ಸಿಕ್ಕಿಸುವುದು. ಬಟ್ಟೆ ತಗಡಿಗೆ ಅಂಟುವುದೇ ಇಲ್ಲ, ನೇತಾಡುತ್ತದೆ. ನಡುವೆ ಗಾಳಿ ಇರುತ್ತದೆ. ಇದನ್ನು ಯೋಚಿಸಿದವನು ದೊಡ್ಡ ಬುದ್ಧಿವಂತ ಅಂತ ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರೇ ನಮ್ಮಲ್ಲಿ ಅಂಬಾಸಿಡರ್ ಆದದ್ದು. ಬಂಗಾಳದ ಉತ್ತರಪಾಡಾದ ಹಿಂದುಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಅದನ್ನು ಮಾಡಿತು. ನನ್ನ ದೊಡ್ಡಪ್ಪನ ಟ್ಯಾಕ್ಸಿಯೂ ಅದೇ. ಊರಿನ ಅರ್ಧ ಜನರನ್ನು ಮಂಗಳೂರಿನ ಆಸ್ಪತ್ರೆಗೆ ಕೊಂಡುಹೋದ ಗಾಡಿ. ದೊಡ್ಡಪ್ಪನಿಗೆ ಕಣ್ಣು ಮಂಜಾದ ಮೇಲೆ ಅದು ಕೊಟ್ಟಿಗೆಯ ಪಕ್ಕ ನಿಂತಿತು. ಎರಡು ಮಳೆಗಾಲಕ್ಕೆ ಮೇಲಿನ ಬಟ್ಟೆ ಬೂಸಲು ಹಿಡಿದು ಹರಿಯಿತು. "ಗುಜರಿಗೆ ಕೊಡುವ" ಅಂತ ಅವರ ಮಗ. "ಬಟ್ಟೆ ಒಂದು ಸರಿಮಾಡಿಸು, ಆಮೇಲೆ ನೋಡುವ" ಅಂತ ದೊಡ್ಡಪ್ಪ. ಜವಾಬ್ದಾರಿ ನನ್ನ ತಲೆಗೆ ಬಂತು.

ನಾನು ಮೊದಲು ಹೋದದ್ದು ಬೇಗ ಮಾಡಿಕೊಡುವ ಒಂದು ಅಂಗಡಿಗೆ. ಅವರು ಹಳೆ ಬಟ್ಟೆ, ಕಂಬಿ ಎಲ್ಲ ಕಿತ್ತು, ಹಿಂದೆ ಸ್ಪಂಜು ಇರುವ ಹೊಸ ಬಟ್ಟೆಯನ್ನು ನೇರ ತಗಡಿಗೇ ಅಂಟಿಸಿಕೊಟ್ಟರು. ನೋಡಲು ಚಂದ ಇತ್ತು. ಕಂಬಿಗಳನ್ನು ನಾನೇ ಗುಜರಿಯವನಿಗೆ ಹಾಕಿದೆ. ಮೇ ತಿಂಗಳ ಬಿಸಿಲಿಗೆ ಅಂಟು ಬಿಟ್ಟು ಬಟ್ಟೆ ಇಳಿಯಲು ಸುರುವಾಯಿತು, ಮಳೆಗಾಲ ಮುಗಿಯುವಾಗ ಡ್ರೈವರ್ ಸೀಟಿನವನ ತಲೆಗೆ ಮುಸುಕು ಹಾಕಿದ ಹಾಗಾಯಿತು. ಆ ಸ್ಪಂಜಿನ ಗುಣವೇ ಹಾಗೆ. ಕಾವು, ತೇವ ಎರಡೂ ಸೇರಿದರೆ ವರ್ಷ ಕಳೆದಂತೆ ಪುಡಿಪುಡಿಯಾಗುತ್ತದೆ. ಈಚಿನ ಕಾರುಗಳಲ್ಲಿ ಅಚ್ಚಿನ ಹಲಗೆಗೆ ಅಂಟಿಸಿದ ಬಟ್ಟೆ ಜೋತು ಬೀಳುವುದಕ್ಕೂ ಇದೇ ಕಾರಣ.

ಎರಡನೇ ಸಲ ಸೀಟು ಹೊಲಿಯುವ ಒಬ್ಬ ಮುದುಕರ ಹತ್ತಿರ ಹೋದೆ. ಅವರು ಒಳಗೆ ತಲೆ ಹಾಕಿ ಕೇಳಿದ್ದು ಒಂದೇ ಮಾತು: "ಕಂಬಿ ಎಲ್ಲಿ ಮಾಷ್ಟ್ರೇ?"

ನನಗೆ ಉತ್ತರವಿರಲಿಲ್ಲ. ಯಾವ ಕಂಬಿಯೂ ಇನ್ನೊಂದರ ಹಾಗಿಲ್ಲ. ಮಾಡಿನ ಬಾಗು ಮುಂದೆ ಒಂದು, ನಡುವೆ ಒಂದು, ಹಿಂದೆ ಇನ್ನೊಂದು. ತೆಗೆಯುವಾಗಲೇ ನಂಬರು ಬರೆದಿಡಬೇಕಂತೆ. ಮೂರು ತಿಂಗಳು ಹುಡುಕಿದ ಮೇಲೆ ಒಬ್ಬರ ತೋಟದಲ್ಲಿ ಬಳ್ಳಿ ಹಬ್ಬಿ ನಿಂತ ಅಂಬಾಸಿಡರ್ ಸಿಕ್ಕಿತು. ಅದರ ಕಂಬಿಗೆ ತುಕ್ಕು ಹಿಡಿದಿತ್ತು, ಬಟ್ಟೆಯನ್ನು ಇಲಿ ಅರ್ಧ ತಿಂದಿತ್ತು. ಮುದುಕರು ಎರಡನ್ನೂ ಬಂಗಾರದ ಹಾಗೆ ತೆಗೆದಿಟ್ಟುಕೊಂಡರು.

ಕಂಬಿ ಉಜ್ಜಿ ಬಣ್ಣ ಬಳಿದರು. ಹಳೆ ಬಟ್ಟೆಯ ಹೊಲಿಗೆ ಬಿಚ್ಚಿ, ನೆಲಕ್ಕೆ ಹಾಸಿ, ಇಲಿ ತಿಂದ ಕಡೆ ಅಂದಾಜು ಮಾಡಿ ಕಾಗದದಲ್ಲಿ ಅಳತೆ ಕತ್ತರಿಸಿದರು. ಗಾಜು ಇಳಿಸಿದರು, ಯಾಕೆಂದರೆ ಬಟ್ಟೆಯ ಅಂಚು ಗಾಜಿನ ರಬ್ಬರಿನ ಅಡಿಗೆ ಹೋಗಬೇಕು. ಹೊಸ ರೆಕ್ಸಿನನ್ನು ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿಕೊಂಡರು. ಮೊದಲು ಕಂಬಿಗಳು, ಆಮೇಲೆ ಮುಂದೆ ಹಿಂದೆ ಎಳೆದು ಕ್ಲಿಪ್ಪು, ಕೊನೆಗೆ ಪಕ್ಕಗಳು. ಸುಕ್ಕು ಬಂದರೆ ಅಂಟು ಹಾಕದೆ ಬಿಚ್ಚಿ ಪುನಃ ಎಳೆದರು. ನಾಳದ ತುದಿಯನ್ನು ಕತ್ತರಿಸುವಾಗ ಮಾತ್ರ ಉಗುರಿನಷ್ಟು, ಉಗುರಿನಷ್ಟು. ಹೆಚ್ಚು ಕತ್ತರಿಸಿದರೆ ತೂತು ಹೊರಗೆ ಕಾಣುತ್ತದೆ, ಇಡೀ ಬಟ್ಟೆ ದಂಡ. ಲೈಟಿನ ತೂತು ಎಲ್ಲಕ್ಕಿಂತ ಕೊನೆಗೆ. ಮೂರು ದಿನ ಹಿಡಿಯಿತು. ಅವರ ಇಬ್ಬರು ಮಕ್ಕಳೂ ಗಲ್ಫಿನಲ್ಲಿ. ಕಸುಬಿಗೆ ಕೂತವರು ಬೇರೆ ಯಾರೂ ಇಲ್ಲ.

ದೊಡ್ಡಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಕಣ್ಣು ಸರಿ ಕಾಣದವರು ಕೈ ಎತ್ತಿ ಬಟ್ಟೆಯನ್ನು ಮುಟ್ಟಿ, ಕಂಬಿಯನ್ನು ಒಂದೊಂದಾಗಿ ತಡವಿ ಎಣಿಸಿದರು. "ಹಾಂ, ಈಗ ಸರಿ" ಅಂದರು. ಗುಜರಿಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಮುದುಕರು ಕತ್ತರಿಸಿದ ಕಾಗದದ ಅಳತೆಯನ್ನು ಕೇಳಿ ತಂದು ನಮ್ಮ ವಾಚನಾಲಯದ ಕಪಾಟಿನಲ್ಲಿ, ನಕಾಶೆಗಳ ಕಟ್ಟಿನ ಜೊತೆ ಇಟ್ಟಿದ್ದೇನೆ. ಹಳೆ ಅಂಬಾಸಿಡರ್ ಇರುವ ಇಬ್ಬರು ಈಗಾಗಲೇ ಬಂದು ಪ್ರತಿ ತೆಗೆದುಕೊಂಡು ಹೋಗಿದ್ದಾರೆ.