ನದಿದಂಡೆ ಬಡಾವಣೆ: ಹುಲ್ಲುಹಾಸಿಗಿಂತ ಮರ ಮುಖ್ಯ

ನಗರಗಳಲ್ಲಿ ಹಾಳುಬಿದ್ದ ಹೊಳೆ, ಕಾಲುವೆಗಳ ದಂಡೆಯನ್ನು ಸರಿಪಡಿಸಿ ಜನರ ಬಳಕೆಗೆ ತರುವ ಕೆಲಸ ಈಗ ಹೆಚ್ಚುತ್ತಿದೆ. ಬೆಂಗಳೂರಿನ ಶಾಂತಿನಗರದ ಮೂಲಕ ಬೆಳ್ಳಂದೂರು ಕೆರೆ ಸೇರುವ ರಾಜಕಾಲುವೆಯ ಕೆ-100 ಯೋಜನೆ, ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿಯಡಿ ನಡೆದ ತುಂಗಾ ತೀರದ ಕಾಮಗಾರಿ ಇದಕ್ಕೆ ಉದಾಹರಣೆ. ಇಂಥ ಕಡೆ ಮನೆಗಳು ಎದ್ದರೆ ಸುತ್ತಲಿನ ಗಿಡಮರಗಳನ್ನು ಅಂದ ನೋಡಿ ಅಲ್ಲ, ನೀರು ನೋಡಿ ಆರಿಸಬೇಕು.

ನೀರಿನ ಅಂಚಿಗೆ ಲಾವಂಚ, ಲಕ್ಕಿ ಸೂಕ್ತ. ಇವುಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ. ಅದರ ಮೇಲಿನ ಸಾಲಿಗೆ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ. ಮನೆಗಳ ಹತ್ತಿರಕ್ಕೆ ಬೇವು. ದಿನವೂ ನೀರು ಬೇಡುವ ಹುಲ್ಲುಹಾಸು ಬಯಲುಸೀಮೆಗೆ ಹೊರೆ. ಕಾಲುದಾರಿಗೆ ಕಾಂಕ್ರೀಟ್ ಬದಲು ನೀರು ಇಂಗುವಂತೆ ಕಲ್ಲು ಹಾಸಬೇಕು. ನೆರೆ ಬರುವ ತಗ್ಗನ್ನು ಆಟದ ಬಯಲಾಗಿ ಬಿಡಬೇಕು, ಕಾಂಪೌಂಡ್ ಕಟ್ಟಬಾರದು.

ಭೈರವಾನಿತಿಪ್ಪದವರಿಗೆ ಇದು ದೂರದ ಮಾತಲ್ಲ. ನಮ್ಮ ವೇದಾವತಿಯ ಮೇಲ್ಭಾಗದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ವರ್ಷಗಟ್ಟಲೆ ಒಣಗಿದ ಪಾತ್ರವನ್ನು ಖಾಲಿ ನಿವೇಶನವೆಂದು ತಿಳಿಯುವುದು ಅಪಾಯ. ಕೆಳಭಾಗದ ಕಣೇಕಲ್, ಬೊಮ್ಮನಹಾಳ್ ಕಡೆ ಇದೇ ಹಗರಿಯ ಮರಳು ಗಾಳಿಗೆ ಹಾರಿ ಹೊಲಗಳ ಮೇಲೆ ದಿಬ್ಬಗಳಾಗಿದೆ. ಅಲ್ಲಿ ದಂಡೆಯ ಮರಸಾಲು ಅಲಂಕಾರವಲ್ಲ, ಹೊಲಕ್ಕೆ ಬೇಲಿ.