ಫ್ರಾನ್ಸಿಗೆ ಹೋದ ರಾಯಭಾರ

ಆಲಮೇಲದ ಸೀಮೆಗೂ ದೂರದ ಫ್ರಾನ್ಸ ದೇಶಕ್ಕೂ ಎಲ್ಲಿಯ ಸಂಬಂಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಫ್ರೆಂಚರಿಗೆ ಪುದುಚೇರಿಯಲ್ಲಿ ನೆಲೆಯೂರಲು ಅಪ್ಪಣೆ ಕೊಟ್ಟ ಶೇರಖಾನ ಲೋದಿಯು ಈ ಸೀಮೆಯನ್ನಾಳಿದ ವಿಜಾಪುರದ ಆದಿಲಶಾಹಿಯ ಅಧಿಕಾರಿಯೇ ಆಗಿದ್ದನು. 1673ರಲ್ಲಿ ಫ್ರೆಂಚರು ಅಲ್ಲಿ ಕಾಲಿಟ್ಟರು. 1686ರಲ್ಲಿ ವಿಜಾಪುರವು ಔರಂಗಜೇಬನ ವಶವಾಯಿತು; ಅದರ ಅಧಿಕಾರಿಯು ಕೊಟ್ಟ ನೆಲೆಯು ಮಾತ್ರ ಬೆಳೆದು ದೊಡ್ಡ ಪಟ್ಟಣವಾಯಿತು. ಮುಂದೆ ನೂರು ವರ್ಷಗಳಿಗೆ ಕನ್ನಡ ನಾಡಿನಿಂದ ಫ್ರಾನ್ಸಿಗೆ ಹೊರಟ ರಾಯಭಾರವು ಹಡಗನ್ನೇರಿದ್ದು ಅಲ್ಲಿಂದಲೇ.

1787ರ ಜುಲೈ ತಿಂಗಳಲ್ಲಿ ಟೀಪೂ ಸುಲ್ತಾನನ ರಾಯಭಾರಿಗಳಾದ ದರ್ವೇಶಖಾನ, ಅಕಬರ ಅಲಿಖಾನ, ಉಸ್ಮಾನಖಾನ ಎಂಬ ಮೂವರು ಪ್ರಯಾಣಕ್ಕೆ ತೊಡಗಿದರು. ಇಂಗ್ಲಿಷರೊಡನೆ ಹೋರಾಡಲು ಫ್ರೆಂಚರ ಸೈನ್ಯವನ್ನು ಪಡೆಯುವದೇ ಅವರ ಮುಖ್ಯ ಉದ್ದೇಶ. ಹನ್ನೊಂದು ತಿಂಗಳ ಮೇಲೆ ಅವರು ತುಲೋಂ ಬಂದರವನ್ನು ಸೇರಿದರು. ಪ್ಯಾರಿಸಿನಲ್ಲಿ ಅವರನ್ನು ನೋಡಲು ಜನರು ಕಿಕ್ಕಿರಿದರು. ವಿಜೆ ಲ ಬ್ರನ್ ಎಂಬ ಹೆಸರಾಂತ ಚಿತ್ರಗಾರ್ತಿಯು ದರ್ವೇಶಖಾನನ ಚಿತ್ರವನ್ನು ಬರೆದಳು. ಆದರಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ಮಾತುಕತೆಯೆಲ್ಲವೂ ದುಭಾಷಿಗಳ ಮುಖಾಂತರವೇ ನಡೆಯಬೇಕಾಗಿತ್ತು.

ಆಗಿನ ಫ್ರಾನ್ಸಿನ ಸ್ಥಿತಿ ಎಂತಹದು! 1788ರ ಆಗಸ್ಟ್ 8ರಂದು, ಬೊಕ್ಕಸ ಬರಿದಾದ ಸರಕಾರವು ದೇಶದ ಪ್ರತಿನಿಧಿಗಳ ಮಹಾಸಭೆಯನ್ನು ಮರುವರ್ಷ ಕೂಡಿಸುವದಾಗಿ ಸಾರಿತು. 10ರಂದು ವರ್ಸೇಯ ಅರಮನೆಯಲ್ಲಿ ಹದಿನಾರನೆಯ ಲೂಯಿಯು ರಾಯಭಾರಿಗಳಿಗೆ ವೈಭವದ ದರ್ಶನವಿತ್ತನು. 16ರಂದು ಸರಕಾರವು ತನ್ನ ಸಾಲದ ಹಣವನ್ನು ಸಲ್ಲಿಸುವದನ್ನೇ ತಡೆಹಿಡಿಯಿತು. ಅತಿಥಿಗಳು ಸೈನ್ಯವನ್ನು ಬೇಡಿದ ಮನೆಯು ಒಳಗೊಳಗೇ ಕುಸಿಯುತ್ತಿದ್ದಿತು. ಅವರಿಗೆ ಕುಶಲ ಕೆಲಸಗಾರರು ದೊರೆತರು, ಗಿಡಬೀಜಗಳು ದೊರೆತವು, ಸೈನ್ಯ ದೊರೆಯಲಿಲ್ಲ. ಫ್ರೆಂಚ ಬಲ್ಲವರಾಗಿದ್ದರೆ ಅದು ದೊರೆಯುತ್ತಿದ್ದಿತೆಂದು ಹೇಳಲಾಗದು. ಇಲ್ಲದ ಹಣವನ್ನು ಭಾಷೆಯು ಹುಟ್ಟಿಸಲಾರದು. ಆದರೆ ಬೀದಿಯ ಮಾತು ತಿಳಿದವನಿಗೆ ಅರಮನೆಯ ಬೆಳಕಿನ ಹಿಂದಿನ ಕತ್ತಲೆಯು ಕಾಣದೆ ಇರದು.

ಇದಕ್ಕೆ ಎದುರಾದ ನಿದರ್ಶನವೊಂದು ಮೈಸೂರು ಸೀಮೆಯಲ್ಲಿಯೇ ಉಂಟು. 1792ರಲ್ಲಿ ಫ್ರಾನ್ಸನ್ನು ಬಿಟ್ಟ ಪಾದ್ರಿ ದ್ಯುಬುವಾ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದನು. ದೇಶಭಾಷೆಯನ್ನು ಕಲಿತು, ಇಲ್ಲಿಯವರಂತೆ ಉಟ್ಟು, ಮಾಂಸವನ್ನು ತೊರೆದು ಜನರ ನಡುವೆ ಬಾಳಿದನು. ಜನರ ಆಚಾರಗಳನ್ನು ಕುರಿತ ಅವನ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಕೇರ್ದೂ ಎಂಬ ಹಿಂದಿನ ಪಾದ್ರಿಯ ಬರಹವು ಬಹಳವಾಗಿ ಸೇರಿದೆಯೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅವನ ತೀರ್ಮಾನಗಳಲ್ಲಿ ಹಲವು ಕಠೋರವೂ ಆಗಿವೆ. ಭಾಷೆಯನ್ನು ಕಲಿತ ಮಾತ್ರಕ್ಕೆ ಪಕ್ಷಪಾತವು ಅಳಿಯುವದಿಲ್ಲವೆಂಬದಕ್ಕೂ ಅವನೇ ಸಾಕ್ಷಿ. ಆದರೂ ದುಭಾಷಿಯ ಹಂಗಿಲ್ಲದೆ ಅವನು ಜನರ ಮನೆಬಾಗಿಲಿಗೆ ಹೋಗಬಲ್ಲವನಾದನು.

ಈಗ ಹನ್ನೊಂದು ತಿಂಗಳ ಹಾದಿಯು ಒಂದೇ ದಿನದ್ದಾಗಿದೆ. ಫ್ರೆಂಚ ಕಲಿಸುವ ಶಾಲೆಗಳು ಬೆಂಗಳೂರಿನಲ್ಲಿಯೇ ಇವೆ. ಆ ದೇಶವನ್ನು ನೋಡಬಯಸುವ ತರುಣರು ಹೊರಡುವ ಮುಂಚೆ ಅಲ್ಲಿಯ ನುಡಿಯನ್ನೂ ನಡೆಯನ್ನೂ ಕೆಲ ತಿಂಗಳು ಅಭ್ಯಾಸ ಮಾಡುವದು ಒಳಿತು. ಆ ಮೂವರಿಗೆ ಕೇಳಿಸದೆ ಹೋದ ಬೀದಿಯ ಮಾತು ಇವರಿಗಾದರೂ ಕೇಳಿಸಲಿ.